ಕುದುರೆಯಿಂದ ಕುರಿಯವರೆಗೆ: ಪಶುವೈದ್ಯ ಕಾಲೇಜು ನಡೆದು ಬಂದ ದಾರಿ

ಪಶುವೈದ್ಯ ಕಾಲೇಜಿಗೆ ಸೇರಿದ ಮಕ್ಕಳು ರಜೆಗೆ ಊರಿಗೆ ಬಂದಾಗ ಮನೆಯವರು ಪುಸ್ತಕ ತಿರುವಿ ನೋಡುತ್ತಾರೆ. ಕುದುರೆಯ ಹಲ್ಲು, ಕುದುರೆಯ ಗೊರಸು, ಕುದುರೆಯ ಹೊಟ್ಟೆ ಅಂತ ಪುಟಗಟ್ಟಲೆ ಇರುತ್ತದೆ. "ನಮ್ಮೂರಲ್ಲಿ ಕುದುರೆ ಎಲ್ಲಿದೆ? ಹಸು, ಎಮ್ಮೆ, ಕುರಿ ನೋಡೋದು ಕಲಿತರೆ ಸಾಲದೇ?" ಎಂಬ ಪ್ರಶ್ನೆ ಬರುತ್ತದೆ.

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕುತ್ತಾ ಹೋದರೆ ಸುಮಾರು 250 ವರ್ಷ ಹಿಂದಕ್ಕೆ, ಫ್ರಾನ್ಸ್ ದೇಶದ ಒಂದು ಕುದುರೆ ಸವಾರಿ ಶಾಲೆಗೆ ಹೋಗಿ ನಿಲ್ಲುತ್ತೇವೆ. ಪಶುವೈದ್ಯ ಕಾಲೇಜು ಎಂಬುದು ಹುಟ್ಟಿದ್ದೇ ಅಲ್ಲಿ. ರಾಜರ, ಸೈನ್ಯದ ಕುದುರೆಯಿಂದ ಶುರುವಾದ ಆ ಓದು ರೈತನ ದನಕ್ಕೆ ಬರಲು ಬಹಳ ಕಾಲ ಹಿಡಿಯಿತು. ಕುರಿ, ಮೇಕೆಗೆ ಬಂದದ್ದು ಇನ್ನೂ ತಡವಾಗಿ. ಯಾವ ಪ್ರಾಣಿಗೆ ಡಾಕ್ಟರು ಮೊದಲು ಸಿಕ್ಕರು, ಯಾಕೆ ಸಿಕ್ಕರು ಎಂಬುದೇ ಈ ಚರಿತ್ರೆ.

ಕಾಲೇಜಿಗೂ ಮೊದಲಿದ್ದ ವಿದ್ಯೆ

ಕಾಲೇಜು ಇಲ್ಲದಿದ್ದರೂ ವಿದ್ಯೆ ಇತ್ತು. ನಮ್ಮ ದೇಶದಲ್ಲಿ ಕುದುರೆ ವೈದ್ಯಕ್ಕೆ ಶಾಲಿಹೋತ್ರ ಎಂಬ ಮುನಿಯ ಹೆಸರು ಅಂಟಿಕೊಂಡಿದೆ. ಉತ್ತರ ಭಾರತದಲ್ಲಿ ಕುದುರೆ ನೋಡುವವನಿಗೆ 'ಸಲೋತ್ರಿ' ಎಂಬ ಹೆಸರು ಬಂದದ್ದು ಇದರಿಂದಲೇ. ಆನೆ ವೈದ್ಯಕ್ಕೆ ಪಾಲಕಾಪ್ಯನ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುದುರೆಗೆ, ಆನೆಗೆ, ದನಕ್ಕೆ ಬೇರೆ ಬೇರೆ ಅಧ್ಯಕ್ಷರನ್ನು ನೇಮಿಸಬೇಕು ಎಂದು ಹೇಳಿದೆ.

ಕನ್ನಡದ ಪಾಲು ಇದರಲ್ಲಿ ಸಣ್ಣದಲ್ಲ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ 12ನೇ ಶತಮಾನದ ಆರಂಭದಲ್ಲಿ 'ಗೋವೈದ್ಯ' ಎಂಬ ಪುಸ್ತಕ ಬರೆದ. ಹೆಸರೇ ಹೇಳುವಂತೆ ಅದು ದನದ ಕಾಯಿಲೆ, ಮದ್ದುಗಳ ಪುಸ್ತಕ. ಬರೆದವನು ಅರಮನೆಯ ರಾಜಕುಮಾರ, ಆದರೆ ಬರೆದದ್ದು ಕನ್ನಡದಲ್ಲಿ, ದನದ ಬಗ್ಗೆ. ಕೊಟ್ಟಿಗೆಯ ವಿಷಯ ಪುಸ್ತಕಕ್ಕೆ ಯೋಗ್ಯ ಎಂದು ನಮ್ಮಲ್ಲಿ ಅಷ್ಟು ಹಿಂದೆಯೇ ಒಬ್ಬ ಅಂದುಕೊಂಡಿದ್ದ.

ಊರೂರಲ್ಲಿದ್ದ ವಿದ್ಯೆ ಮಾತ್ರ ಪುಸ್ತಕ ಸೇರಲಿಲ್ಲ. ಗೊಟ್ಟದಲ್ಲಿ ಮದ್ದು ಕುಡಿಸುವುದು, ಮುರಿದ ಕಾಲಿಗೆ ಬಿದಿರು ದಬ್ಬೆ ಕಟ್ಟುವುದು, ಎತ್ತಿಗೆ ಲಾಳ ಕಟ್ಟುವುದು, ಹಲ್ಲು ನೋಡಿ ವಯಸ್ಸು ಹೇಳುವುದು, ಅಡ್ಡ ಸಿಕ್ಕ ಕರುವನ್ನು ಕೈಹಾಕಿ ತಿರುಗಿಸುವುದು, ಇವೆಲ್ಲ ಕೈಯಿಂದ ಕೈಗೆ ಬಂದ ಕೆಲಸಗಳು. ಇವುಗಳಲ್ಲಿ ಕೆಲವು ಇಂದಿನ ಪಶುವೈದ್ಯ ಕಾಲೇಜಿನಲ್ಲೂ ಪಾಠ. ಬರೆ ಹಾಕುವಂಥ ಕೆಲವು ಪದ್ಧತಿಗಳಿಂದ ಪ್ರಾಣಿಗೆ ನೋವೇ ಹೆಚ್ಚು. ಒಳ್ಳೆಯದು, ಕೆಟ್ಟದ್ದು ಎರಡೂ ಒಟ್ಟಿಗೇ ಇದ್ದವು. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಕೂತು ಪರೀಕ್ಷೆ ಮಾಡುವ ಜಾಗ ಇರಲಿಲ್ಲ.

ಕುದುರೆ ಸಾಯಲಿ ಎಂದು ಕಾದವರು

ದಕ್ಷಿಣ ಭಾರತದ ರಾಜರಿಗೆ ಕುದುರೆ ಬಹಳ ದುಬಾರಿ ಪ್ರಾಣಿ. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ವಿಜಯನಗರಕ್ಕೆ ಭಟ್ಕಳ, ಗೋವಾ ಬಂದರುಗಳ ಮೂಲಕ ಕುದುರೆ ಬರುತ್ತಿದ್ದವು.

13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿ ಕಂಡ ವೆನಿಸ್‌ನ ಪ್ರವಾಸಿ ಮಾರ್ಕೊ ಪೋಲೊ ಒಂದು ವಿಷಯ ಬರೆದಿಟ್ಟಿದ್ದಾನೆ. ಪಾಂಡ್ಯ ರಾಜರು ವರ್ಷಾ ವರ್ಷ ಸಾವಿರಾರು ಕುದುರೆ ಕೊಳ್ಳುತ್ತಾರೆ, ಆದರೆ ಅವುಗಳನ್ನು ನೋಡಿಕೊಳ್ಳಲು ತಿಳಿದವರು ಅಲ್ಲಿಲ್ಲ, ಹಾಗಾಗಿ ಬಹುಪಾಲು ಸತ್ತು ಹೋಗುತ್ತವೆ. ಕುದುರೆ ಮಾರುವ ವ್ಯಾಪಾರಿಗಳು ತಮ್ಮ ಕಡೆಯ ಕುದುರೆ ವೈದ್ಯರನ್ನು ಅಲ್ಲಿಗೆ ಹೋಗಲು ಬಿಡುವುದಿಲ್ಲ. ಕುದುರೆ ಸತ್ತಷ್ಟೂ ಮತ್ತೆ ಮಾರಬಹುದಲ್ಲ, ಅದಕ್ಕೆ.

ಅವನು ಕಂಡದ್ದರಲ್ಲಿ, ಕೇಳಿದ್ದರಲ್ಲಿ ಉತ್ಪ್ರೇಕ್ಷೆ ಎಷ್ಟಿದ್ದರೂ ಮಾತಿನ ಸಾರ ಗಟ್ಟಿಯಾಗಿದೆ. ಪ್ರಾಣಿ ಕೊಂಡುಕೊಳ್ಳುವುದು ಒಂದು, ಅದನ್ನು ಉಳಿಸಿಕೊಳ್ಳುವ ವಿದ್ಯೆ ಇನ್ನೊಂದು. ವಿದ್ಯೆ ಬೇರೆಯವರ ಕೈಯಲ್ಲಿದ್ದರೆ ಪ್ರಾಣಿಯ ಜೀವವೂ ಅವರ ಕೈಯಲ್ಲೇ. ಸಾಲ ಮಾಡಿ ಎಚ್.ಎಫ್. ಹಸು ತಂದು, ಅದಕ್ಕೆ ಕೆಚ್ಚಲು ಬಾವು ಬಂದಾಗ ಡಾಕ್ಟರು ಸಿಗದೆ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸವಾರಿ ಶಾಲೆಯಿಂದ ಬಂದ ಮೊದಲ ಕಾಲೇಜು

ಈಗ ಫ್ರಾನ್ಸ್‌ಗೆ ಬರೋಣ. ಲಿಯೋನ್ ಪಟ್ಟಣದಲ್ಲಿ ಕ್ಲೋಡ್ ಬೂರ್ಜೆಲಾ ಎಂಬಾತ 1740ರಿಂದ ಕುದುರೆ ಸವಾರಿ ಶಾಲೆ ನಡೆಸುತ್ತಿದ್ದ. ದೊಡ್ಡ ಮನೆತನದ ಹುಡುಗರು ಅಲ್ಲಿ ಸವಾರಿ, ಕತ್ತಿವರಸೆ ಕಲಿಯಲು ಬರುತ್ತಿದ್ದರು. ಸವಾರಿ ಕಲಿಸುತ್ತಾ ಅವನಿಗೆ ಕುದುರೆಯ ಮೈಯೊಳಗೆ ಏನಿದೆ ಎಂಬ ಕುತೂಹಲ ಬಂತು. ಮನುಷ್ಯರ ಶಸ್ತ್ರವೈದ್ಯರ ಜೊತೆ ಸೇರಿ ಸತ್ತ ಕುದುರೆಗಳನ್ನು ಕೊಯ್ದು ನೋಡಿದ. ಕಲಿತದ್ದನ್ನು 1750ರಿಂದ ಪುಸ್ತಕವಾಗಿ ಹೊರತಂದ.

ಆ ಕಾಲದಲ್ಲಿ ಯುರೋಪಿನ ಹಳ್ಳಿಗಳಲ್ಲಿ ದನಗಳಿಗೆ ಒಂದು ಭೀಕರ ರೋಗ ಮತ್ತೆ ಮತ್ತೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುವ ಅದನ್ನೇ ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದರು. ಜ್ವರ, ಕಣ್ಣು ಮೂಗಿನಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ತಡೆಯದ ಭೇದಿ. ಕೆಲವೇ ದಿನಗಳಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ಉಳುವ ಎತ್ತು ಸತ್ತರೆ ಬೇಸಾಯ ನಿಂತಿತು, ಬೇಸಾಯ ನಿಂತರೆ ತೆರಿಗೆ ನಿಂತಿತು. ರಾಜನ ಖಜಾನೆಗೇ ಬಿಸಿ ಮುಟ್ಟಿತು.

ಖಜಾನೆ ನೋಡಿಕೊಳ್ಳುತ್ತಿದ್ದ ಮಂತ್ರಿ ಬೆರ್ತ್ಯಾಂ, ಬೂರ್ಜೆಲಾನ ಗೆಳೆಯ. 1761ರ ಆಗಸ್ಟ್ 4ರಂದು ರಾಜನ ಸಭೆಯಿಂದ ಅಪ್ಪಣೆ ಬಂತು. 1762ರಲ್ಲಿ ಲಿಯೋನ್‌ನಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ಬಾಗಿಲು ತೆರೆಯಿತು. ಪ್ಯಾರಿಸ್ ಹತ್ತಿರದ ಆಲ್ಫೋರ್‌ನಲ್ಲಿ ಎರಡನೆಯ ಶಾಲೆ ಬರಲು ಹೆಚ್ಚು ವರ್ಷ ಬೇಕಾಗಲಿಲ್ಲ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಶಾಲೆಗೆ ಹಣ ಬಂದದ್ದು ದನದ ರೋಗದ ಹೆಸರಿನಲ್ಲಿ. ಕಲಿಸುವ ಮೇಷ್ಟ್ರಿಗೆ ಗೊತ್ತಿದ್ದದ್ದು ಕುದುರೆ. ಹಾಗಾಗಿ ಪಾಠದಲ್ಲಿ ಕುದುರೆಯೇ ಮುಂದೆ ಕೂತಿತು. ಲಾಳ ಹೊಡೆಯುವುದು, ಗೊರಸು ಕೆತ್ತುವುದು, ಕುದುರೆಯ ಎಲುಬು, ನರ, ಮಾಂಸಖಂಡ ಇವೇ ಮುಖ್ಯ ಪಾಠ. ಆದರೂ ಆ ಶಾಲೆಯ ಹುಡುಗರನ್ನು ರೋಗ ಬಂದ ಹಳ್ಳಿಗಳಿಗೆ ಕಳಿಸಿದರು. ರೋಗದ ದನಗಳನ್ನು ಬೇರೆ ಕಟ್ಟಿಸುವುದು, ಓಡಾಟ ತಡೆಯುವುದು ಮುಂತಾದ ಕೆಲಸದಿಂದ ಶಾಲೆಗೆ ಹೆಸರು ಬಂತು. 1764ರಲ್ಲಿ ರಾಜಮನ್ನಣೆಯೂ ಸಿಕ್ಕಿತು. ಬೇರೆ ದೇಶದವರು ಕಲಿಯಲು ಬಂದರು. ಹಾಗೆ ಬಂದ ಡೆನ್ಮಾರ್ಕಿನ ಆಬಿಲ್ಡ್‌ಗಾರ್ಡ್ ಊರಿಗೆ ಹಿಂತಿರುಗಿ 1773ರಲ್ಲಿ ಕೋಪನ್‌ಹೇಗನ್‌ನಲ್ಲಿ ಶಾಲೆ ತೆರೆದ.

ರೈತರು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಇಂಗ್ಲೆಂಡಿನಲ್ಲಿ ಇಂಥ ಶಾಲೆ ಬೇಕು ಎಂದು ಮೊದಲು ಒತ್ತಾಯ ಮಾಡಿದವರಲ್ಲಿ ಓಡಿಹ್ಯಾಮ್ ಎಂಬ ಊರಿನ ಕೃಷಿ ಸಂಘದವರೂ ಇದ್ದರು. 1791ರಲ್ಲಿ ಲಂಡನ್ ಕಾಲೇಜು ಶುರುವಾಯಿತು. ಮೊದಲ ಪ್ರಾಧ್ಯಾಪಕ ಲಿಯೋನ್‌ನಲ್ಲಿ ಓದಿದ ಸೇಂಟ್ ಬೆಲ್. ಎಕ್ಲಿಪ್ಸ್ ಎಂಬ ಹೆಸರುವಾಸಿ ರೇಸ್ ಕುದುರೆ 1789ರಲ್ಲಿ ಸತ್ತಾಗ ಅದನ್ನು ಕೊಯ್ದು ಅಳತೆ ಮಾಡಿ ಹೆಸರು ಪಡೆದವನು ಆತ. ಎರಡೇ ವರ್ಷದಲ್ಲಿ ಆತ ತೀರಿಕೊಂಡ.

ಆಮೇಲೆ ಬಂದ ಎಡ್ವರ್ಡ್ ಕೋಲ್ಮನ್ 1839ರವರೆಗೂ ಕಾಲೇಜು ನಡೆಸಿದ. ಆತನೇ ಸೈನ್ಯದ ಕುದುರೆ ವೈದ್ಯರಿಗೂ ಮುಖ್ಯಸ್ಥ. ಯುದ್ಧದ ಕಾಲ, ಸೈನ್ಯಕ್ಕೆ ಬೇಗ ಬೇಗ ಜನ ಬೇಕು. ಕೆಲವೇ ತಿಂಗಳು ಓದಿದವರಿಗೂ ಸರ್ಟಿಫಿಕೇಟು ಸಿಗುತ್ತಿತ್ತು. ದನ, ಕುರಿ, ಹಂದಿಯ ಪಾಠ ಹೆಸರಿಗಷ್ಟೇ. ಕೃಷಿ ಸಂಘ ಮುಂದೆ ನಿಂತು ಕಟ್ಟಿಸಿದ ಕಾಲೇಜಿನಲ್ಲಿ ರೈತನ ಪ್ರಾಣಿಗೇ ಜಾಗ ಇರಲಿಲ್ಲ.

ಅದೇ ಲಂಡನ್ ಕಾಲೇಜಿನಲ್ಲಿ ಕೆಲವು ತಿಂಗಳು ಓದಿದ ವಿಲಿಯಂ ಡಿಕ್ ಎಂಬ ಹುಡುಗನ ಅಪ್ಪ ಲಾಳ ಹೊಡೆಯುವ ಕೆಲಸದವನು. ಡಿಕ್ ತನ್ನ ಊರು ಎಡಿನ್‌ಬರೋಗೆ ವಾಪಸು ಬಂದು 1823ರಲ್ಲಿ ತನ್ನದೇ ಶಾಲೆ ಕಟ್ಟಿದ. ಅಲ್ಲಿ ಕುದುರೆಯ ಜೊತೆ ದನವೂ ಪಾಠವಾಯಿತು.

1865ರಲ್ಲಿ ಹಡಗಿನಲ್ಲಿ ತಂದ ದನಗಳ ಜೊತೆ ದೊಡ್ಡರೋಗ ಇಂಗ್ಲೆಂಡಿಗೆ ಬಂತು. ಲಕ್ಷಗಟ್ಟಲೆ ದನ ಸತ್ತವು. ಕುದುರೆಗೆ ಆ ರೋಗ ತಗಲುವುದೇ ಇಲ್ಲ. ಕುದುರೆಯನ್ನೇ ಓದಿದ್ದವರಿಗೆ ಎದುರು ನಿಂತ ಶತ್ರುವಿನ ಗುರುತೂ ಸರಿಯಾಗಿ ಸಿಗಲಿಲ್ಲ. ಕೊನೆಗೆ ರೋಗ ಬಂದ ದನಗಳನ್ನು ಕೊಂದು ಹೂಳಿ, ಸಂತೆ ನಿಲ್ಲಿಸಿ, ಓಡಾಟ ತಡೆದು ರೋಗ ಹತೋಟಿಗೆ ತಂದರು. ದನವನ್ನೂ ಓದಬೇಕು ಎಂಬ ಬುದ್ಧಿ ಬಂದದ್ದು ಅಷ್ಟು ದೊಡ್ಡ ಏಟು ತಿಂದ ಮೇಲೆ.

ಕಂಪನಿ ಸರ್ಕಾರದ ಕುದುರೆ ಹುಚ್ಚು

ನಮ್ಮ ದೇಶದಲ್ಲೂ ಕಥೆ ಹೀಗೇ ನಡೆಯಿತು. ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಇಂಗ್ಲಿಷಿನವ ಲಿವರ್‌ಪೂಲ್‌ನಲ್ಲಿ ಮನುಷ್ಯರ ವೈದ್ಯ ಓದುತ್ತಿದ್ದಾಗ ದನಗಳ ರೋಗವೊಂದನ್ನು ಕಂಡು ಮನಸ್ಸು ಬದಲಿಸಿ, ಲಿಯೋನ್‌ಗೆ ಹೋಗಿ ಪಶುವೈದ್ಯ ಕಲಿತ. ಆದರೆ ಹಣ ಇದ್ದದ್ದು ಕುದುರೆಯಲ್ಲಿ. ಲಂಡನ್ನಿನಲ್ಲಿ ಕುದುರೆ ಆಸ್ಪತ್ರೆ ನಡೆಸಿದ. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಪೂಸಾದಲ್ಲಿದ್ದ ತನ್ನ ಕುದುರೆ ಫಾರಂ ನೋಡಿಕೊಳ್ಳಲು ಅವನನ್ನು ಕರೆಸಿತು. ಒಳ್ಳೆಯ ತಳಿಯ ಕುದುರೆ ಹುಡುಕುತ್ತಾ ಟಿಬೆಟ್, ಲಡಾಖ್, ಬುಖಾರಾವರೆಗೆ ಅಲೆದು 1825ರಲ್ಲಿ ಈಗಿನ ಅಫ್ಘಾನಿಸ್ತಾನದಲ್ಲಿ ಪ್ರಾಣ ಬಿಟ್ಟ. ದನದ ರೋಗ ನೋಡಿ ಈ ದಾರಿಗೆ ಬಂದ ಮನುಷ್ಯ, ಕುದುರೆಯ ಹಿಂದೆ ಓಡಿ ಜೀವ ಕಳೆದುಕೊಂಡ.

1862ರಲ್ಲಿ ಪುಣೆಯಲ್ಲಿ ಸೈನ್ಯದ ಪಶುವೈದ್ಯ ಶಾಲೆ ಬಂತು. ಅಲ್ಲಿದ್ದವನು ಜೆ.ಎಚ್.ಬಿ. ಹ್ಯಾಲೆನ್. ದೇಶದಲ್ಲಿ ದನಗಳ ಸಾವು ವಿಪರೀತವಾದಾಗ ಸರ್ಕಾರ ಒಂದು ಆಯೋಗ ಮಾಡಿ ಅವನನ್ನೇ ಮುಂದೆ ನಿಲ್ಲಿಸಿತು. 1871ರಲ್ಲಿ ಬಂದ ಆ ವರದಿ, ದೊಡ್ಡರೋಗ ದೇಶದ ಉದ್ದಗಲಕ್ಕೂ ಹಬ್ಬಿದೆ ಎಂದು ದಾಖಲೆ ಮಾಡಿತು. ಆಮೇಲೆ ಹ್ಯಾಲೆನ್‌ಗೆ ಸಿಕ್ಕ ಹುದ್ದೆ ಯಾವುದು ಗೊತ್ತೇ? ಇಡೀ ದೇಶದ ಕುದುರೆ ತಳಿ ವಿಭಾಗದ ಮುಖ್ಯಸ್ಥನ ಹುದ್ದೆ.

ಅಲ್ಲಿಂದ ಒಂದೊಂದೇ ಕಾಲೇಜು ಬಂದವು. 1882ರಲ್ಲಿ ಲಾಹೋರ್, 1886ರಲ್ಲಿ ಮುಂಬಯಿಯ ಪರೇಲ್, 1893ರಲ್ಲಿ ಕಲ್ಕತ್ತದ ಬೆಲ್ಗಾಚಿಯಾ. 1903ರ ಅಕ್ಟೋಬರ್ 1ರಂದು ಮದರಾಸಿನ ವೇಪೇರಿಯಲ್ಲಿ 'ಡಾಬಿನ್ ಹಾಲ್' ಎಂಬ ಸಣ್ಣ ಕಟ್ಟಡದಲ್ಲಿ 20 ಜನ ವಿದ್ಯಾರ್ಥಿಗಳೊಂದಿಗೆ ಕಾಲೇಜು ಶುರುವಾಯಿತು.

ಇಲ್ಲಿ ಓದಿದ ಭಾರತೀಯರಿಗೆ ಸಿಗುತ್ತಿದ್ದದ್ದು ಡಿಪ್ಲೊಮಾ, ಕೆಲಸ ವೆಟರ್ನರಿ ಅಸಿಸ್ಟೆಂಟ್. ಇಲಾಖೆಯ ಮೇಲಿನ ಹುದ್ದೆಗಳಲ್ಲಿ ಇಂಗ್ಲೆಂಡಿನಿಂದ ಬಂದವರೇ ಕೂರುತ್ತಿದ್ದರು. ಡಿಗ್ರಿ ಬಂದದ್ದು 1930ರ ದಶಕದಲ್ಲಿ, ಮದರಾಸ್ ಕಾಲೇಜು ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ. ದೇಶದಲ್ಲಿ ಬಿ.ವಿ.ಎಸ್‌ಸಿ. ಪದವಿ ಮೊದಲು ಕೊಟ್ಟದ್ದು ಅಲ್ಲಿಯೇ.

ಹೆಣ್ಣುಮಕ್ಕಳಿಗಂತೂ ಬಾಗಿಲು ಇನ್ನೂ ತಡವಾಗಿ ತೆರೆಯಿತು. ಬ್ರಿಟನ್ನಿನಲ್ಲಿ ಓದಿದ ಐರ್ಲೆಂಡಿನ ಅಲೀನ್ ಕಸ್ಟ್ 1900ರ ಹೊತ್ತಿಗೇ ಪಾಠ ಮುಗಿಸಿದ್ದರೂ ಹೆಂಗಸೆಂಬ ಕಾರಣಕ್ಕೆ ಅವರನ್ನು ಪರೀಕ್ಷೆಗೆ ಕೂರಿಸಲಿಲ್ಲ. ಸರ್ಟಿಫಿಕೇಟು ಇಲ್ಲದೆಯೇ ವರ್ಷಗಟ್ಟಲೆ ದನ, ಕುದುರೆ ನೋಡಿದರು. ಅರ್ಹತೆ ಕೈಗೆ ಬಂದದ್ದು 1922ರಲ್ಲಿ. ನಮ್ಮೂರುಗಳಲ್ಲಿ ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆಯುವ ಕೆಲಸದ ಹೆಚ್ಚಿನ ಪಾಲು ಹೆಂಗಸರದ್ದೇ. ಹಸು ಮಂಕಾಗಿದೆ ಎಂದು ಮೊದಲು ಗುರುತಿಸುವವರೂ ಅವರೇ. ಇಂದು ಪಶುವೈದ್ಯ ಕಾಲೇಜುಗಳಲ್ಲಿ ಹೆಣ್ಣುಮಕ್ಕಳನ್ನು ಕಂಡರೆ ಯಾರಿಗೂ ಆಶ್ಚರ್ಯವಿಲ್ಲ.

ಮೈಸೂರು ಸೀಮೆಯ ದಾರಿ

ಕರ್ನಾಟಕದಲ್ಲಿ ಕಥೆಗೆ ಒಂದು ತಿರುವು ಇದೆ. ಇಲ್ಲಿ ಸೈನ್ಯಕ್ಕೆ ಕುದುರೆಯಷ್ಟೇ ಎತ್ತೂ ಬೇಕಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತ್ ಮಹಲ್' ಆಯಿತು. ಬೆಣ್ಣೆ, ಹಾಲಿಗೆಂದು ಶುರುವಾದ ಇಲಾಖೆಯ ಹೋರಿಗಳು ಫಿರಂಗಿ ಎಳೆಯುವುದಕ್ಕೆ ಹೆಸರಾದವು. ಆ ಎತ್ತುಗಳ ವೇಗ ನೋಡಿ ಬೆರಗಾದ ಇಂಗ್ಲಿಷರು 1799ರ ನಂತರ ಇಲಾಖೆಯನ್ನು ತಾವೇ ಇಟ್ಟುಕೊಂಡರು. 1860ರಲ್ಲಿ ಖರ್ಚು ಉಳಿಸಲು ದನಗಳನ್ನೆಲ್ಲ ಮಾರಿದರು. ಒಳ್ಳೆಯ ಎತ್ತು ಸಿಗದೆ ಪೇಚಾಡಿ, ಕೆಲವೇ ವರ್ಷಗಳಲ್ಲಿ ಮತ್ತೆ ಶುರು ಮಾಡಿದರು. ಅಜ್ಜಂಪುರದಲ್ಲಿ ಆ ತಳಿಯನ್ನು ಈಗಲೂ ಸಾಕುತ್ತಿದ್ದಾರೆ.

ಕುದುರೆಯ ಕಡೆಗೆ ಕುಣಿಗಲ್ ಫಾರಂ ಇತ್ತು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಆಮೇಲೆ ರೇಸ್ ಕುದುರೆಗೆ ಹೆಸರಾಯಿತು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆಲ್ಲುವಾಗ ಹೋರಾಡಿದ್ದು ಕುದುರೆಯ ಮೇಲೆಯೇ. ಆಮೇಲಿನ ಕಾಲದಲ್ಲಿ ಲಾರಿ, ಟ್ಯಾಂಕುಗಳು ಬಂದವು, ಸೈನ್ಯಕ್ಕೆ ಕುದುರೆ ಬೇಡವಾಯಿತು. ಕಾಲೇಜುಗಳಲ್ಲೂ ದನಕ್ಕೆ ಮುಂದೆ ಬರಲು ಜಾಗವಾಯಿತು.

ಮುಂದಿನ ಮೂರು ಹೆಜ್ಜೆಗಳೂ ದನದ ಕಡೆಗೇ. 1920ರ ದಶಕದಲ್ಲಿ ದೊಡ್ಡರೋಗಕ್ಕೆ ಸೀರಂ ತಯಾರಿಸಲು ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಬಂತು. 1923ರಲ್ಲಿ ಬೆಂಗಳೂರಿನಲ್ಲೇ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಶುರುವಾಯಿತು. ಕಾಯಿಲೆ ವಾಸಿ ಮಾಡುವುದರ ಜೊತೆಗೆ, ಹಸುವಿಗೆ ಏನು ತಿನ್ನಿಸಬೇಕು, ಹೇಗೆ ಸಾಕಿದರೆ ಹಾಲು ಹೆಚ್ಚುತ್ತದೆ ಎಂಬುದೂ ಓದಬೇಕಾದ ವಿದ್ಯೆ ಎಂದು ಇಂಥ ಸಂಸ್ಥೆಗಳು ತೋರಿಸಿದವು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ದಿನವೂ ಅಲ್ಲಿಗೆ ಹೋಗಿ ವಿಲಿಯಂ ಸ್ಮಿತ್ ಎಂಬ ಅಧಿಕಾರಿಯಿಂದ ಹಸು ಸಾಕಣೆಯ ಪಾಠ ಕೇಳಿದರು. ದೇಶಕ್ಕೆಲ್ಲ ನಾಯಕರಾದವರು, 57 ದಾಟಿದ ವಯಸ್ಸಿನಲ್ಲಿ ಕೊಟ್ಟಿಗೆಯಲ್ಲಿ ವಿದ್ಯಾರ್ಥಿಯಾಗಿ ನಿಂತರು. ಮುಂದೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರೂ ಅಮೆರಿಕಕ್ಕೆ ಹೋಗುವ ಮೊದಲು ಇದೇ ಸಂಸ್ಥೆಯಲ್ಲಿ ಕೆಲವು ತಿಂಗಳು ತರಬೇತಿ ಪಡೆದರು.

1939ರಲ್ಲಿ ಮೈಸೂರು ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಕೊಟ್ಟು ಕೃತಕ ಗರ್ಭಧಾರಣೆ ಮಾಡಿದರು. ದೇಶದಲ್ಲಿ ಅದೇ ಮೊದಲು. ಇಂದು ಹಸು ಬೆದೆಗೆ ಬಂತೆಂದು ಫೋನ್ ಮಾಡಿದರೆ ಮನೆ ಬಾಗಿಲಿಗೆ ಬಂದು ಹೋಗುವ 'ಇಂಜೆಕ್ಷನ್' ಕೆಲಸದ ಬೇರು ಮೈಸೂರಿನಲ್ಲಿದೆ.

ಇಷ್ಟೆಲ್ಲ ಇದ್ದೂ ಪಶುವೈದ್ಯ ಕಾಲೇಜು ಇರಲಿಲ್ಲ. ಮೈಸೂರು ಸೀಮೆಯ ಹುಡುಗರು ಮದರಾಸಿಗೋ ಮುಂಬಯಿಗೋ ಹೋಗಬೇಕಿತ್ತು. ಹೆಬ್ಬಾಳದಲ್ಲಿ ಕಾಲೇಜು ಬಂದದ್ದು 1958ರಲ್ಲಿ. 1980ರ ದಶಕದಲ್ಲಿ ಬೀದರ್‌ಗೆ ಕಾಲೇಜು ಬಂತು. 2005ರ ಹೊತ್ತಿಗೆ ಬೀದರ್‌ನಲ್ಲಿ ಪಶುವೈದ್ಯಕೀಯಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ, ಆಮೇಲೆ ಶಿವಮೊಗ್ಗ, ಹಾಸನಗಳಲ್ಲಿ ಕಾಲೇಜುಗಳು. ಲಿಯೋನ್‌ನಿಂದ ಲೆಕ್ಕ ಹಾಕಿದರೆ ಹೆಬ್ಬಾಳಕ್ಕೆ ಬರಲು ಹತ್ತಿರ ಹತ್ತಿರ 200 ವರ್ಷ ಹಿಡಿಯಿತು.

ದೊಡ್ಡರೋಗ ಹೋದದ್ದು ಹೀಗೆ

ಈ ಓದಿನಿಂದ ರೈತನಿಗೆ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ದೊಡ್ಡರೋಗದ ಕಥೆ ಹೇಳಿದರೆ ಸಾಕು.

1889ರಲ್ಲಿ ಪುಣೆಯಲ್ಲಿ ದನಗಳ ರೋಗ ಪರೀಕ್ಷಿಸುವ ಪ್ರಯೋಗಾಲಯ ಶುರುವಾಯಿತು. ಊರಿನ ದನಗಳ ನಡುವೆ ಇಂಥ ರೋಗಾಣು ಇಟ್ಟುಕೊಂಡು ಕೆಲಸ ಮಾಡುವುದು ಅಪಾಯ. ಹಾಗಾಗಿ 1893ರಲ್ಲಿ ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ, ಸುಮಾರು 7500 ಅಡಿ ಎತ್ತರದ ತಣ್ಣನೆಯ ಬೆಟ್ಟಕ್ಕೆ ಅದನ್ನು ಸಾಗಿಸಿದರು. ಮೊದಮೊದಲು ರೋಗ ಗೆದ್ದ ದನದ ರಕ್ತದಿಂದ ತೆಗೆದ ಸೀರಂ ಕೊಡುತ್ತಿದ್ದರು. 1920ರ ದಶಕದಲ್ಲಿ ಜೆ.ಟಿ. ಎಡ್ವರ್ಡ್ಸ್ ಅಲ್ಲಿ ರೋಗಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋದರು. ಹಾಗೆ ದಾಟಿದ ರೋಗಾಣು ದನದಲ್ಲಿ ಸೌಮ್ಯವಾಯಿತು, ಆದರೆ ರಕ್ಷಣೆ ಕೊಡುವ ಶಕ್ತಿ ಉಳಿಯಿತು. ಆಡಿನ ಮೈಯಲ್ಲಿ ತಯಾರಾದ ಆ ಲಸಿಕೆ ಕೋಟ್ಯಂತರ ದನ ಉಳಿಸಿತು. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಇನ್ನೂ ಸುರಕ್ಷಿತ ಲಸಿಕೆ ಕೊಟ್ಟರು.

ಭಾರತದಲ್ಲಿ 1954ರಿಂದ ದೇಶವಿಡೀ ಲಸಿಕೆ ಹಾಕುವ ಯೋಜನೆ ನಡೆಯಿತು. ಲಸಿಕೆ ತಯಾರಾದರೆ ಸಾಲದು. ಅದನ್ನು ತಣ್ಣಗಿಟ್ಟು ಹಳ್ಳಿಗೆ ಒಯ್ಯಬೇಕು. ಸಂತೆ, ಜಾತ್ರೆಗಳಲ್ಲಿ ದನ ಹಿಡಿದು ಚುಚ್ಚಬೇಕು. ರೈತ ಒಪ್ಪಬೇಕು. ಎತ್ತು ಹಿಡಿಯಲು ಬಾರದವನು ಎಷ್ಟು ಓದಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಕಾಲೇಜಿನಲ್ಲಿ ಓದಿದ ಡಾಕ್ಟರು, ಡಿಪ್ಲೊಮಾ ಮಾಡಿದ ಇನ್‌ಸ್ಪೆಕ್ಟರು, ಹಗ್ಗ ಹಿಡಿದ ಸಹಾಯಕರು ಎಲ್ಲರೂ ಸೇರಿ ಮಾಡಿದ ಕೆಲಸ ಅದು.

ದೇಶದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತ ರೋಗಮುಕ್ತ ಎಂಬ ಮಾನ್ಯತೆ ಪಡೆಯಿತು. 2011ರಲ್ಲಿ ಜಗತ್ತಿನಿಂದಲೇ ದೊಡ್ಡರೋಗ ಹೋಯಿತು ಎಂದು ಘೋಷಿಸಿದರು. ಮನುಷ್ಯರ ಸಿಡುಬಿನ ನಂತರ ಹೀಗೆ ಭೂಮಿಯಿಂದ ಅಳಿಸಿಹೋದ ಎರಡನೇ ರೋಗ ಇದು. ಲಿಯೋನ್ ಶಾಲೆಗೆ ಅಪ್ಪಣೆ ಸಿಕ್ಕಿ ಆ ವರ್ಷಕ್ಕೆ ಸರಿಯಾಗಿ 250 ವರ್ಷ. ಯಾವ ರೋಗದ ಹೆಸರಿನಲ್ಲಿ ಮೊದಲ ಕಾಲೇಜು ಕಟ್ಟಿದರೋ, ಆ ರೋಗ ಈಗ ಇಲ್ಲ.

ಹಾಗಾದರೆ ಕುದುರೆ ಯಾಕೆ ಓದಬೇಕು?

ಹಳೆಯ ಕಾಲದ ಪಠ್ಯಗಳಲ್ಲಿ ಕುದುರೆಯ ಮೈಯೇ ಅಳತೆಗೋಲು. ಕುದುರೆ ಹೀಗಿದೆ, ದನದಲ್ಲಿ ಇಷ್ಟು ಬದಲಾವಣೆ ಎಂದು ಬರೆಯುತ್ತಿದ್ದರು. ಈಗ ನಮ್ಮ ಕಾಲೇಜುಗಳಲ್ಲಿ ಅದು ತಿರುಗಿದೆ. ಮೊದಲು ದನದ ಅಂಗರಚನೆ, ಆಮೇಲೆ ಕುದುರೆಯ ವ್ಯತ್ಯಾಸ.

ಆ ವ್ಯತ್ಯಾಸ ತಿಳಿಯುವುದು ಮುಖ್ಯ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕುತ್ತದೆ. ಕುದುರೆಗೆ ಒಂದೇ ಹೊಟ್ಟೆ, ಹುಲ್ಲು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಕುದುರೆ ವಾಂತಿ ಮಾಡಲಾರದು, ಹಾಗಾಗಿ ಹೊಟ್ಟೆನೋವು ಬಂದರೆ ಜೀವಕ್ಕೇ ಅಪಾಯ. ದನ, ಕೋಳಿಯ ಕೆಲವು ಮೇವಿನಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ದನಕ್ಕೆ ಒಗ್ಗುತ್ತದೆ, ಕುದುರೆಯನ್ನು ಕೊಲ್ಲುತ್ತದೆ. ಒಂದು ಪ್ರಾಣಿಯ ಮದ್ದು, ಮೇವು ಇನ್ನೊಂದಕ್ಕೆ ಕಣ್ಣುಮುಚ್ಚಿ ಕೊಡಬಾರದು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲದೆ ಟಾಂಗಾ ಕುದುರೆ, ಇಟ್ಟಿಗೆ ಹೊರುವ ಕತ್ತೆ, ಸೈನ್ಯದ ಹೇಸರಗತ್ತೆ ಈಗಲೂ ಇವೆ. ಅವುಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಹರಡುತ್ತದೆ.

ಇಂದು ಪಶುವೈದ್ಯ ಪದವಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನಮ್ಮ ರಾಜ್ಯದಲ್ಲಿ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಶುಸಂಗೋಪನೆಯ ಡಿಪ್ಲೊಮಾ ಇದೆ. 1984ರ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವ ಹಕ್ಕು ನೋಂದಾಯಿತ ಪದವೀಧರರಿಗೆ. ಡಿಪ್ಲೊಮಾದವರು ಸರ್ಕಾರ ಹೇಳಿದ ಸಣ್ಣ ಸೇವೆಗಳನ್ನು ವೈದ್ಯರ ಉಸ್ತುವಾರಿಯಲ್ಲಿ ಮಾಡಬಹುದು. ಮಕ್ಕಳನ್ನು ಸೇರಿಸುವ ಮೊದಲು ಈ ವ್ಯತ್ಯಾಸ ತಿಳಿದಿರಲಿ.

ಈಗ ಸರದಿ ಕುರಿಯದ್ದು

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ದನಗಳು ಸುಮಾರು 85 ಲಕ್ಷ. ಕುರಿಗಳು 1 ಕೋಟಿ 11 ಲಕ್ಷ. ಮೇಕೆಗಳು 60 ಲಕ್ಷಕ್ಕೂ ಹೆಚ್ಚು. ಆದರೆ ಊರಿನ ಪಶು ಆಸ್ಪತ್ರೆಯ ಮುಂದೆ ಹೆಚ್ಚಾಗಿ ಕಾಣುವುದು ಹಸು. ಹಸುವಿಗೆ ಡೈರಿ ಇದೆ, ಸಂಘ ಇದೆ, ದಿನದ ಲೆಕ್ಕ ಇದೆ. ಮಂದೆ ಹೊಡೆದುಕೊಂಡು ಊರೂರು ತಿರುಗುವ ಕುರಿಗಾಹಿ ಯಾವ ಆಸ್ಪತ್ರೆಯ ರಿಜಿಸ್ಟರಿಗೆ ಸೇರಬೇಕು?

1976ರಲ್ಲೇ ರಾಷ್ಟ್ರೀಯ ಕೃಷಿ ಆಯೋಗ, 5000 ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯರಾದರೂ ಬೇಕು ಎಂದು ಹೇಳಿತ್ತು. ನಿಮ್ಮ ಹೋಬಳಿಯಲ್ಲಿ ಎಷ್ಟು ಜಾನುವಾರು, ಎಷ್ಟು ಡಾಕ್ಟರು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ತುರ್ತಿಗೆ 1962ಕ್ಕೆ ಕರೆ ಮಾಡಬಹುದು, ಆದರೆ ವಾಹನದೊಳಗೆ ಕೂರಲು ಓದಿದವರು ಇರಬೇಕಲ್ಲ.

ಕುರಿ, ಮೇಕೆಗೆ ಬರುವ ಹಿರೇಬೇನೆ, ಅಂದರೆ ಪಿ.ಪಿ.ಆರ್., ದೊಡ್ಡರೋಗದ ಸಂಬಂಧಿ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ದೊಡ್ಡರೋಗದ ಮೇಲೆ ಕೆಲಸ ಮಾಡಿದ ಮುಕ್ತೇಶ್ವರದಲ್ಲೇ ಇದಕ್ಕೂ ಒಳ್ಳೆಯ ಲಸಿಕೆ ತಯಾರಾಗಿದೆ. 2030ರೊಳಗೆ ಈ ರೋಗವನ್ನೂ ಜಗತ್ತಿನಿಂದ ಅಳಿಸಬೇಕು ಎಂದು ದೇಶಗಳೆಲ್ಲ ಸೇರಿ ಗುರಿ ಇಟ್ಟಿವೆ.

ದೊಡ್ಡರೋಗವನ್ನು ಓಡಿಸಲು ಕಾರಣ ಖಜಾನೆಯಿಂದ ಬಂತು, ಸೈನ್ಯದಿಂದ ಬಂತು. ಹಿರೇಬೇನೆಯಿಂದ ಸಾಯುವುದು ಹೆಚ್ಚಾಗಿ ಬಡವರ ಪ್ರಾಣಿ. ಅದರ ಪರವಾಗಿ ಗಟ್ಟಿಯಾಗಿ ಕೂಗುವ ರಾಜನಿಲ್ಲ. ಈ ಬಾರಿ ಆ ಕೆಲಸ ಕುರಿ ಕಾಯ್ದವರ ಮನೆಯಿಂದ ಕಾಲೇಜಿಗೆ ಹೋದ ಹುಡುಗ, ಹುಡುಗಿಯರ ಮೇಲಿದೆ. ನಿಮ್ಮೂರಲ್ಲಿ ಈ ವರ್ಷ ಹಿರೇಬೇನೆ ಲಸಿಕೆ ಹಾಕಿದ್ದಾರೆಯೇ? ಹಾಕಿಲ್ಲದಿದ್ದರೆ ನಾಳೆಯೇ ಪಶು ಆಸ್ಪತ್ರೆಗೆ ಹೋಗಿ ಕೇಳಿ, ಮಂದೆ ಬೇರೆ ಊರಿಗೆ ಹೊರಡುವ ಮುಂಚೆ ಹಾಕಿಸಿ.